ಮನೆಯ ಮಾತು: ಮಕ್ಕಳ ಕೈಮೇಲಿನ ನರೂಲಿ



ಈ ಸಲದ ಅಂಕಣಕ್ಕೆ ವಿಷಯವನ್ನು ನಾನು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಅದೇ ನನ್ನನ್ನು ಹುಡುಕಿಕೊಂಡು ಬಂದಿತು. ಕಳೆದ ಮೂರು ತಿಂಗಳಲ್ಲಿ ಸಂಘದ ಕೂಟಗಳಲ್ಲಿ ಸಿಕ್ಕಿದ ನಾಲ್ಕು ಮನೆಯವರು ಒಂದೇ ಪ್ರಶ್ನೆಯನ್ನು ಕೇಳಿದರು: “ಮಗುವಿನ ಕೈಮೇಲೆ ನರೂಲಿ ಎದ್ದಿದೆ, ಏನು ಮಾಡೋಣ?” ನಾನು ವೈದ್ಯನಲ್ಲ. ಬಿ.ಎ. ಓದಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವವನು. ಆದರೆ ಕಡತ ಓದುವ ಅಭ್ಯಾಸವಿರುವವನಿಗೆ ಪುಸ್ತಕ ಓದುವುದೂ, ತಿಳಿದವರನ್ನು ಕೇಳಿ ಗುರುತು ಹಾಕಿಕೊಳ್ಳುವುದೂ ಕಷ್ಟವಲ್ಲ. ಹಾಗೆ ಓದಿ, ಕೇಳಿ ತಿಳಿದುದನ್ನು ಇಲ್ಲಿ ಕ್ರಮವಾಗಿ ಇಡುತ್ತಿದ್ದೇನೆ.

ನರೂಲಿ ದೊಡ್ಡ ರೋಗವಲ್ಲ ಎಂಬುದು ನಿಜ. ಜ್ವರ ಬರಿಸುವುದಿಲ್ಲ, ಊಟ ನಿಲ್ಲಿಸುವುದಿಲ್ಲ. ಹಾಗೆಂದು ಅದು ಅಲ್ಪ ವಿಷಯವೂ ಅಲ್ಲ. ಆ ನಾಲ್ಕು ಮನೆಗಳಲ್ಲಿ ಒಂದರ ಸಂಗತಿಯನ್ನು ಹೇಳುತ್ತೇನೆ. ಒಂಬತ್ತು ವರ್ಷದ ಹುಡುಗಿ. ಬಲಗೈ ಬೆರಳುಗಳ ಮೇಲೆ ಐದು ನರೂಲಿ. ರಾಜ್ಯೋತ್ಸವದ ಕೋಲಾಟದ ಅಭ್ಯಾಸದಲ್ಲಿ ಜೊತೆಯ ಹುಡುಗಿ “ನಿನ್ನ ಕೈ ನಾನು ಹಿಡಿಯೋದಿಲ್ಲ” ಎಂದುಬಿಟ್ಟಳಂತೆ. ಅಂದಿನಿಂದ ಈ ಮಗು ಕೈಯನ್ನು ಲಂಗದ ಜೇಬಿನಲ್ಲಿ ಇಟ್ಟುಕೊಂಡೇ ಇರುತ್ತದೆ. ಉತ್ತರ ಗೊತ್ತಿದ್ದರೂ ಶಾಲೆಯಲ್ಲಿ ಕೈ ಎತ್ತುವುದಿಲ್ಲ ಎಂದು ಉಪಾಧ್ಯಾಯಿನಿಯವರು ಬರೆದು ಕಳುಹಿಸಿದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ಮೊದಲೇ ಹೆಣಗುವ ನಮ್ಮ ಮಕ್ಕಳಿಗೆ ಕೈಯನ್ನೂ ಬಚ್ಚಿಡಬೇಕಾದ ಕಷ್ಟ ಬೇರೆ ಬಂದರೆ ಹೇಗೆ? ಅವಳ ತಂದೆ ನನ್ನ ಬಳಿ ಬಂದು, “ಬೇಸಗೆ ರಜೆಗೆ ಊರಿಗೆ ಹೋಗುತ್ತೇವಲ್ಲ ರಾಯರೇ, ಅಲ್ಲಿ ಸುಣ್ಣ–ಸೋಡಾ ಇಟ್ಟು ಒಂದೇ ದಿನದಲ್ಲಿ ಸುಡುವವರೊಬ್ಬರಿದ್ದಾರೆ. ಏನಂತೀರಿ?” ಎಂದರು. ಈ ತಿಂಗಳ ಮಾತೆಲ್ಲ ಆ “ಏನಂತೀರಿ”ಗೆ ಉತ್ತರ.

ಹೆಸರು ಹಲವು

ಮೊದಲು ಹೆಸರಿನ ಮಾತು. ಪರಊರಿನಲ್ಲಿರುವ ನಮಗೆ ರೋಗಕ್ಕಿಂತ ಅದರ ಹೆಸರೇ ಹೆಚ್ಚು ತೊಡಕು. ನಾವು ನರೂಲಿ ಎನ್ನುತ್ತೇವೆ, ನರಹುಲಿ ಎಂದೂ ಅನ್ನುವುದುಂಟು. ಮುಂಬಯಿ, ಪುಣೆಗಳಲ್ಲಿರುವವರು ಔಷಧದ ಅಂಗಡಿಯಲ್ಲಿ ‘ಚಾಮಖೀಳ’ ಎನ್ನಬೇಕು. ಚೆನ್ನೈಯಲ್ಲಿ ‘ಮರು’. ಹೈದರಾಬಾದಿನ ತೆಲುಗರ ಬಾಯಲ್ಲಿ ‘ಪುಲಿಪಿರಿ’. ಇಲ್ಲಿ ದೆಹಲಿಯಲ್ಲಿ ‘ಮಸ್ಸಾ’. ಈ ಕೊನೆಯ ಮಾತಿನಲ್ಲಿ ಸ್ವಲ್ಪ ಎಚ್ಚರ ಬೇಕು. ನಮ್ಮ ಸಂಘದ ಧಾರವಾಡದ ಸದಸ್ಯರೊಬ್ಬರು ಹೊಸದಾಗಿ ಬಂದಾಗ ಅಂಗಡಿಗೆ ಹೋಗಿ, “ಮಸ್ಸೇ ಕೀ ದವಾ” ಎಂದು ಕೇಳಿದರಂತೆ. ಅಂಗಡಿಯವನು ಕನಿಕರದಿಂದ ನೋಡಿ ಮೂಲವ್ಯಾಧಿಯ ಮುಲಾಮು ಕಟ್ಟಿಕೊಟ್ಟನಂತೆ. ಹಿಂದಿಯಲ್ಲಿ ಆ ಮಾತಿಗೆ ಎರಡರ್ಥವೂ ಉಂಟು. ಆದುದರಿಂದ ಹೆಸರು ಹೇಳುವಾಗ ಕೈಯನ್ನೂ ತೋರಿಸುವುದು ಮೇಲು.

ಹೆಸರಿನಲ್ಲಿ ಹುಲಿಯಿದ್ದ ಮಾತ್ರಕ್ಕೆ ಮಕ್ಕಳು ಹೆದರಬೇಕಾಗಿಲ್ಲ. ನಕ್ಷತ್ರ ಎಣಿಸಿದರೆ ನರೂಲಿ ಬರುತ್ತದೆಂದು ಕೆಲವು ಕಡೆ ಹಿರಿಯರು ಹೇಳುವುದುಂಟು. ಕಪ್ಪೆ ಮುಟ್ಟಿದರೆ ಬರುತ್ತದೆಂದು ಯೂರೋಪಿನವರು ನಂಬಿದ್ದರು. ನಕ್ಷತ್ರಗಳೂ ನಿರಪರಾಧಿಗಳು, ಕಪ್ಪೆಯೂ ನಿರಪರಾಧಿ.

ಕಾರಣವೇನು?

ಕಾರಣ ಒಂದು ವೈರಸ್. ಇದನ್ನು ತೋರಿಸಿಕೊಟ್ಟವರಲ್ಲಿ ಮುಖ್ಯರು ಇಟಲಿಯ ಚೂಫೋ ಎಂಬ ವೈದ್ಯರು. 1907ರಲ್ಲಿ ಅವರು ನರೂಲಿಯನ್ನು ಅರೆದು, ಬ್ಯಾಕ್ಟೀರಿಯಾ ಕೂಡ ದಾಟಲಾರದಂತಹ ಸೂಕ್ಷ್ಮ ಸೋಸುಕದಲ್ಲಿ ಸೋಸಿ, ಆ ರಸವನ್ನು ತಮ್ಮ ಚರ್ಮಕ್ಕೇ ಸೇರಿಸಿಕೊಂಡರು. ತಿಂಗಳುಗಳು ಕಳೆದ ಮೇಲೆ ಅಲ್ಲಿ ನರೂಲಿ ಎದ್ದಿತು. ಬ್ಯಾಕ್ಟೀರಿಯಾಕ್ಕಿಂತ ಚಿಕ್ಕದಾದ ಯಾವುದೋ ಒಂದು ಇದಕ್ಕೆ ಕಾರಣವೆಂದು ಹಾಗೆ ಗೊತ್ತಾಯಿತು. 1949ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದು ಕಣ್ಣಿಗೂ ಬಿತ್ತು. ಇಂದು ಅದಕ್ಕೆ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಚಿಕ್ಕದಾಗಿ ಎಚ್.ಪಿ.ವಿ., ಎಂದು ಹೆಸರು. ಇದರಲ್ಲಿ ಇನ್ನೂರಕ್ಕೂ ಮೇಲ್ಪಟ್ಟು ಪಂಗಡಗಳಿವೆ.

ಎಚ್.ಪಿ.ವಿ. ಎಂಬ ಹೆಸರನ್ನು ಕೇಳಿದೊಡನೆ ಕೆಲವು ತಾಯಂದಿರು ಗಾಬರಿಯಾಗುತ್ತಾರೆ. ಹೆಂಗಸರ ಗರ್ಭಕೊರಳಿನ ಕ್ಯಾನ್ಸರಿಗೂ ಅದೇ ಹೆಸರಿನ ವೈರಸ್ ಕಾರಣವೆಂದು ಅವರು ಓದಿರುತ್ತಾರೆ. ಮನೆತನದ ಹೆಸರು ಒಂದೇ ಆದರೂ ಪಂಗಡಗಳು ಬೇರೆ. ಮಕ್ಕಳ ಕೈಕಾಲುಗಳ ಸಾಮಾನ್ಯ ನರೂಲಿಯನ್ನು ತರುವ ಪಂಗಡಗಳು ಆ ಕ್ಯಾನ್ಸರನ್ನು ತರುವವಲ್ಲ. ಹುಡುಗಿಯರಿಗೆ ಹಾಕುವ ಎಚ್.ಪಿ.ವಿ. ಲಸಿಕೆಯ ವಿಚಾರವೇ ಬೇರೆ. ಅದನ್ನು ಹಾಕಿಸುವುದು ಒಳ್ಳೆಯದು, ಆದರೆ ಕೈಮೇಲಿನ ನರೂಲಿಗೆ ಅದು ಔಷಧವೆಂದು ಎಣಿಸಬಾರದು.

ಈ ವೈರಸ್ ಗಟ್ಟಿ ಚರ್ಮವನ್ನು ಕೊರೆದು ಒಳಹೋಗಲಾರದು. ಅದಕ್ಕೆ ಒಂದು ಬಿರುಕು, ಒಂದು ತರಚು ಬೇಕು. ದೆಹಲಿಯ ಚಳಿಯಲ್ಲಿ ಮಕ್ಕಳ ಕೈ ಒಡೆಯುವುದನ್ನು ನಾವೆಲ್ಲ ಬಲ್ಲೆವು. ಮುಂಬಯಿ ಮಳೆಗಾಲದಲ್ಲಿ ನೆನೆದ ಬೂಟಿನೊಳಗೆ ಪಾದ ಮೆತ್ತಗಾಗುತ್ತದೆ. ಈಜುಕೊಳದ ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ಓಡಾಡುವಾಗಲೂ ಹಾಗೆಯೇ. ಉಗುರು ಕಚ್ಚುವ ಮಕ್ಕಳಿಗೆ ಉಗುರಿನ ಸುತ್ತಲೇ ನರೂಲಿ ಏಳುವುದು ಈ ಕಾರಣದಿಂದಲೇ. ವೈರಸ್ ಒಳಹೊಕ್ಕ ಮೇಲೆ ನರೂಲಿ ಕಾಣಿಸಿಕೊಳ್ಳಲು ವಾರಗಳಲ್ಲ, ಎಷ್ಟೋ ಸಲ ತಿಂಗಳುಗಳೇ ಹಿಡಿಯುತ್ತವೆ. ಆದುದರಿಂದ ಯಾರ ಮಗುವಿನಿಂದ ಯಾರ ಮಗುವಿಗೆ ಬಂದಿತು ಎಂದು ಪಕ್ಕದ ಮನೆಯವರ ಮೇಲೆ ತನಿಖೆ ನಡೆಸುವುದು ವ್ಯರ್ಥ.

ಗುರುತಿಸುವುದು ಹೇಗೆ?

ಸಾಮಾನ್ಯ ನರೂಲಿ ಬೆರಳು, ಕೈ ಹಿಂಭಾಗ, ಮಂಡಿಗಳ ಮೇಲೆ ಏಳುತ್ತದೆ. ಮುಟ್ಟಿದರೆ ಒರಟು, ಹತ್ತಿರದಿಂದ ನೋಡಿದರೆ ಹೂಕೋಸಿನ ಮೇಲ್ಮೈಯಂತೆ. ಕೆಲವದರಲ್ಲಿ ಸಣ್ಣ ಕಪ್ಪು ಚುಕ್ಕೆಗಳಿರುತ್ತವೆ. ಜನರು ಅವನ್ನು ಬೀಜ ಅಥವಾ ಬೇರು ಎನ್ನುತ್ತಾರೆ. ನಿಜವಾಗಿ ಅವು ರಕ್ತ ಹೆಪ್ಪುಗಟ್ಟಿದ ಕೂದಲೆಳೆಯಂತಹ ರಕ್ತನಾಳಗಳು. ನರೂಲಿ ಚರ್ಮದ ಮೇಲ್ಪದರದಲ್ಲಿಯೇ ಇರುತ್ತದೆ. ಅದಕ್ಕೆ ಮಾಂಸದಾಳಕ್ಕೆ ಇಳಿಯುವ ಬೇರು ಇಲ್ಲ. “ಬೇರು ಕಿತ್ತರೆ ಹೋಗುತ್ತದೆ” ಎಂದು ಸೂಜಿಯಿಂದ ಅಗೆಯುವುದರಿಂದ ಮಗುವಿಗೆ ನೋವು, ಕೀವು, ಕೊನೆಗೆ ಕಲೆ. ಬೇರು ಮಾತ್ರ ಸಿಗುವುದಿಲ್ಲ.

ಎರಡನೆಯದು ಚಪ್ಪಟೆ ನರೂಲಿ. ಮುಖ, ಕೈಗಳ ಮೇಲೆ ಸಣ್ಣದಾಗಿ, ನುಣುಪಾಗಿ, ಒಟ್ಟಿಗೆ ಹತ್ತಿಪ್ಪತ್ತು ಏಳುತ್ತವೆ. ಮೂರನೆಯದು ಅಂಗಾಲಿನದು. ಮೈಭಾರಕ್ಕೆ ಒಳಗೆ ಒತ್ತಿಕೊಂಡು ಆಣಿಯಂತೆ ಕಾಣುತ್ತದೆ. ಆಣಿಯನ್ನೂ ಇದನ್ನೂ ಬೇರೆಮಾಡುವ ಸುಲಭ ಕ್ರಮವೊಂದಿದೆ. ಅಂಗಾಲಿನ ಚರ್ಮದ ಗೆರೆಗಳು ಆಣಿಯ ಮೇಲೆ ಹಾದುಹೋಗುತ್ತವೆ. ನರೂಲಿಯ ಅಂಚಿಗೆ ಬಂದು ಕಡಿದುಹೋಗುತ್ತವೆ. ನೇರವಾಗಿ ಒತ್ತಿದರೆ ಆಣಿ ನೋಯುತ್ತದೆ. ಎರಡು ಬದಿಯಿಂದ ಹಿಂಡಿದರೆ ನರೂಲಿ ಹೆಚ್ಚು ನೋಯುತ್ತದೆ. ಮಕ್ಕಳಿಗೆ ಆಣಿಯಾಗುವುದು ಕಡಿಮೆ. ಆದುದರಿಂದ ಮಗುವಿನ ಅಂಗಾಲಿನ ಗಂಟನ್ನು ಮೊದಲು ನರೂಲಿಯೆಂದೇ ಸಂದೇಹಿಸಬೇಕು.

ಇನ್ನೊಂದು ಕಾಯಿಲೆಯನ್ನೂ ನರೂಲಿಯೆಂದು ತಪ್ಪು ತಿಳಿಯುವುದುಂಟು. ಮುತ್ತಿನಂತೆ ಹೊಳೆಯುವ ನುಣುಪು ಗುಳ್ಳೆಗಳು. ನಡುವೆ ಹೊಕ್ಕುಳಿನಂತೆ ಒಂದು ತಗ್ಗು. ಇದಕ್ಕೆ ಮಾಲಸ್ಕಮ್ ಎಂದು ಹೆಸರು. ಇದನ್ನು ತರುವುದು ಬೇರೆ ವೈರಸ್. ಇದೂ ಬಹುಪಾಲು ತಾನಾಗಿಯೇ ಹೋಗುತ್ತದೆ. ಇದಕ್ಕೆ ನರೂಲಿಯ ಔಷಧವನ್ನು ಹಚ್ಚಿ ಚರ್ಮವನ್ನು ಸುಡಬಾರದು.

ಕಾಯುವುದೂ ಒಂದು ಚಿಕಿತ್ಸೆ

ಈಗ ಮುಖ್ಯ ವಿಷಯ. ಆರೋಗ್ಯವಂತ ಮಕ್ಕಳಲ್ಲಿ ನರೂಲಿ ಹೆಚ್ಚಾಗಿ ತಾನಾಗಿಯೇ ಹೋಗುತ್ತದೆ. ಮೈಯ ರಕ್ಷಣಾಶಕ್ತಿ ಒಂದಲ್ಲ ಒಂದು ದಿನ ಆ ವೈರಸ್ಸಿನ ಗುರುತು ಹಿಡಿಯುತ್ತದೆ. ಆಮೇಲೆ ಅದು ಉಳಿಯುವುದಿಲ್ಲ. 1963ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಮಕ್ಕಳ ನರೂಲಿಗಳನ್ನು ಔಷಧವಿಲ್ಲದೆ ಎರಡು ವರ್ಷ ಗಮನಿಸಿದಾಗ ಮೂರರಲ್ಲಿ ಎರಡು ಪಾಲು ಮಾಯವಾಗಿದ್ದವು. ಕಲೆಯೂ ಉಳಿಯುವುದಿಲ್ಲ. ನೋವಿಲ್ಲದ, ಮಗುವಿಗೆ ಲಕ್ಷ್ಯವೇ ಇಲ್ಲದ ಒಂದೆರಡು ನರೂಲಿಗೆ ಏನೂ ಮಾಡದಿರುವುದು ಸೋಮಾರಿತನವಲ್ಲ.

ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಕಡತವನ್ನು ಮೂಲೆಗೆ ಎಸೆದು ಮರೆಯುವುದು ಬೇರೆ. ಮುಂದಿನ ದಿನಾಂಕ ಬರೆದು ಆ ದಿನ ಮತ್ತೆ ಮೇಜಿನ ಮೇಲೆ ಬರುವಂತೆ ಇಡುವುದು ಬೇರೆ. ಕಾಯುವವರು ಎರಡನೆಯ ರೀತಿಯಲ್ಲಿ ಕಾಯಬೇಕು. ಎಷ್ಟಿವೆ, ಎಲ್ಲಿವೆ, ಎಷ್ಟು ದೊಡ್ಡವು ಎಂದು ದಿನಾಂಕ ಸಹಿತ ಬರೆದಿಡಿ. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಡಿ. ತಿಂಗಳಿಗೊಮ್ಮೆ ಹೋಲಿಸಿ ನೋಡಿ. ದಿನಾಲೂ ಕೈಹಿಡಿದು ನೋಡಿ ನಿಟ್ಟುಸಿರು ಬಿಡಬೇಡಿ. ಮಗು ನಿಮ್ಮ ಮುಖವನ್ನು ನೋಡಿಯೇ ತನ್ನ ಕೈಯ ಬೆಲೆಯನ್ನು ಕಟ್ಟುತ್ತದೆ.

ಊರಿನ ಮದ್ದುಗಳ ಕೀರ್ತಿಗೂ ಇದೇ ಕಾರಣ. ಉಪ್ಪು ಮೆಣಸಿನ ಹರಕೆ ಹೊತ್ತರೆ ಹೋಯಿತು, ಕುದುರೆ ಬಾಲದ ಕೂದಲು ಕಟ್ಟಿದರೆ ಉದುರಿತು ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಹೋದದ್ದು ನಿಜ, ಹೋಗುವ ಕಾಲ ಬಂದಾಗ ಯಾವುದು ಕೈಯಲ್ಲಿತ್ತೋ ಅದಕ್ಕೆ ಹೆಸರು ಬಂದಿತು. ಹರಕೆಯನ್ನು ನೋಡಿ ನಗಬೇಕಾಗಿಲ್ಲ. ದೇವರಿಗೆ ಉಪ್ಪು ಒಪ್ಪಿಸಿದರೆ ಮಗುವಿನ ಚರ್ಮಕ್ಕೆ ಹಾನಿಯಿಲ್ಲ. ಹಾನಿಯಿರುವುದು ಕಟ್ಟುವುದರಲ್ಲಿ, ಕೊಯ್ಯುವುದರಲ್ಲಿ, ಸುಡುವುದರಲ್ಲಿ.

ಸುಣ್ಣ–ಸೋಡಾದ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಲೆಗೆ ಹಚ್ಚುವ ಸುಣ್ಣ, ಬಟ್ಟೆ ಒಗೆಯುವ ಸೋಡಾ: ಎರಡೂ ಮನೆಯ ಪದಾರ್ಥಗಳೇ ಎಂದು ನಾವು ಧೈರ್ಯ ತಾಳುತ್ತೇವೆ. ಆದರೆ ಎರಡನ್ನೂ ನೀರಿನಲ್ಲಿ ಕಲಸಿದಾಗ ಹುಟ್ಟುವುದು ಕಾಸ್ಟಿಕ್ ಸೋಡಾ. ಕಟ್ಟಿಕೊಂಡ ಕೊಳಾಯಿಯನ್ನು ಬಿಡಿಸಲು ಹಾಕುತ್ತಾರಲ್ಲ, ಅದೇ ಕ್ಷಾರ. ಅದಕ್ಕೆ ನರೂಲಿ ಯಾವುದು, ಬೆರಳು ಯಾವುದು ಎಂಬ ವಿವೇಕವಿಲ್ಲ. ಹಚ್ಚಿದವರು ಒರೆಸಿದ ಮೇಲೂ ಅದು ಒಳಗೆ ಇಳಿಯುತ್ತಲೇ ಇರುತ್ತದೆ. ಬೆರಳಿನ ಗೆಣ್ಣಿನ ಮೇಲೆ ಹೀಗೆ ಆಳವಾಗಿ ಸುಟ್ಟರೆ ಗಾಯ ಮಾಗುವಾಗ ಚರ್ಮ ಎಳೆದುಕೊಂಡು ಬೆರಳು ಮಡಿಸುವುದೇ ಕಷ್ಟವಾಗಬಹುದು. ಎರಡು ವರ್ಷದಲ್ಲಿ ತಾನಾಗಿ ಹೋಗಬಹುದಾದ ಗಂಟಿಗಾಗಿ ಜನ್ಮವೆಲ್ಲ ಉಳಿಯುವ ಕಲೆಯನ್ನು ಕೊಂಡುಕೊಳ್ಳುವುದು ಯಾವ ಲೆಕ್ಕ?

ಗೇರುಬೀಜದ ಸಿಪ್ಪೆಯ ಎಣ್ಣೆಯೂ ಹೀಗೆಯೇ ಬೊಕ್ಕೆ ಎಬ್ಬಿಸುತ್ತದೆ. ಎಕ್ಕದ ಹಾಲು ಹಚ್ಚಿದ ಕೈಯನ್ನು ಮಗು ಕಣ್ಣಿಗೆ ತಂದರೆ ಕಣ್ಣಿಗೇ ಅಪಾಯ. ಊದುಬತ್ತಿಯಿಂದ ಚುಚ್ಚುವುದು, ಹಸಿ ಬೆಳ್ಳುಳ್ಳಿ ಕಟ್ಟಿ ರಾತ್ರಿಯೆಲ್ಲ ಬಿಡುವುದು, ಬ್ಲೇಡಿನಿಂದ ಕೊಯ್ಯುವುದು ಯಾವುದೂ ಬೇಡ. ಕೊಯ್ದಾಗ ರಕ್ತದಿಂದ ಹರಡುತ್ತದೆ ಎನ್ನುವುದು ಸರಿಯಲ್ಲ. ಆದರೆ ಆ ಗಾಯದ ಬಿರುಕಿನಲ್ಲಿ ವೈರಸ್ ಪಕ್ಕಕ್ಕೆ ಹಬ್ಬುತ್ತದೆ ಎನ್ನುವುದು ಸರಿ.

ಔಷಧ ಬೇಕೆಂದಾಗ

ಕಾಯುವುದು ಎಲ್ಲರಿಗೂ ಒಪ್ಪುವ ಮಾತಲ್ಲ. ನಡೆಯುವಾಗ ನೋವು, ಬರೆಯುವಾಗ ಪೆನ್ನು ತಗಲುವ ಜಾಗ, ಹರಡುತ್ತಿರುವುದು, ಇಲ್ಲವೇ ಮಗುವಿಗೆ ನಾಚಿಕೆ: ಇವುಗಳಲ್ಲಿ ಯಾವುದಿದ್ದರೂ ಔಷಧ ಮಾಡುವುದು ನ್ಯಾಯವೇ. ನಾಚಿಕೆಯನ್ನು ನಾನು ಬೇಕೆಂದೇ ಈ ಪಟ್ಟಿಗೆ ಸೇರಿಸಿದ್ದೇನೆ. “ಅಷ್ಟಕ್ಕೆಲ್ಲ ಅಳುತ್ತಾರೆಯೇ?” ಎಂದು ನಾವು ಹೇಳಿಬಿಡುತ್ತೇವೆ, ಮಗುವಿಗೆ ಅದು ‘ಅಷ್ಟು’ ಅಲ್ಲ.

ಮನೆಯಲ್ಲಿ ಮಾಡಬಹುದಾದ ಚಿಕಿತ್ಸೆಗಳಲ್ಲಿ ಹೆಚ್ಚು ಪರೀಕ್ಷೆಗೆ ನಿಂತದ್ದು ಸಾಲಿಸಿಲಿಕ್ ಆಮ್ಲ. ನೂರಕ್ಕೆ 17ರಷ್ಟು ಬಲದ ದ್ರವವಾಗಿ, ಎಷ್ಟೋ ಸಲ ಲ್ಯಾಕ್ಟಿಕ್ ಆಮ್ಲದ ಜೊತೆಗೆ, ಚಿಕ್ಕ ಸೀಸೆಯಲ್ಲಿ ಸಿಗುತ್ತದೆ. ದುಬಾರಿಯಲ್ಲ. ಒಮ್ಮೆ ವೈದ್ಯರಿಗೆ ತೋರಿಸಿ ನರೂಲಿಯೇ ಹೌದೆಂದು ಖಚಿತಪಡಿಸಿಕೊಂಡು ಈ ಕ್ರಮದಲ್ಲಿ ನಡೆಯಬಹುದು:

ರಾತ್ರಿ ಮಲಗುವ ಮೊದಲು ಆ ಭಾಗವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದರಿಂದ ಹತ್ತು ನಿಮಿಷ ನೆನೆಸಬೇಕು. ಮೆತ್ತಗಾದ ಬಿಳಿ ಚರ್ಮವನ್ನು ಉಗುರು ತೀಡುವ ಕಾಗದದ ಅರದಿಂದ ಮೆಲ್ಲಗೆ ಉಜ್ಜಬೇಕು, ರಕ್ತ ಬರುವಷ್ಟಲ್ಲ. ಆ ಅರವನ್ನು ಬೇರೆ ಯಾರೂ ಬಳಸಬಾರದು. ಚೆನ್ನಾಗಿ ಒರೆಸಿ, ಸುತ್ತಲಿನ ಒಳ್ಳೆಯ ಚರ್ಮಕ್ಕೆ ವ್ಯಾಸಲೀನ್ ಹಚ್ಚಿ, ನರೂಲಿಯ ಮೇಲೆ ಮಾತ್ರ ಔಷಧವನ್ನು ಕಡ್ಡಿಯಿಂದ ಇಟ್ಟು ಒಣಗಲು ಬಿಡಬೇಕು. ಮಾರನೆಯ ರಾತ್ರಿ ಮತ್ತೆ ಅದೇ ಕೆಲಸ. ಚರ್ಮ ಕೆಂಪಾಗಿ ಉರಿದರೆ ಎರಡು ಮೂರು ದಿನ ನಿಲ್ಲಿಸಿ ಆಮೇಲೆ ಮುಂದುವರಿಸಬೇಕು. ಈ ದ್ರವಕ್ಕೆ ಬೆಂಕಿ ಬೇಗ ಹತ್ತುತ್ತದೆ. ದೇವರ ದೀಪ, ಗ್ಯಾಸ್ ಒಲೆಗಳಿಂದ ದೂರ ಇಡಿ, ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಮುಖಕ್ಕೆ, ಗುಪ್ತಾಂಗಗಳಿಗೆ, ಮಚ್ಚೆಗೆ, ಒಡೆದ ಚರ್ಮಕ್ಕೆ ಇದನ್ನು ಹಚ್ಚಲೇಬಾರದು. ತೀರ ಚಿಕ್ಕ ಕೂಸುಗಳಿಗೂ, ಸಕ್ಕರೆ ಕಾಯಿಲೆಯಿರುವವರಿಗೂ ವೈದ್ಯರನ್ನು ಕೇಳದೆ ಬೇಡ.

ಹೀಗೆ ಹನ್ನೆರಡು ವಾರ. ಇಲ್ಲಿಯೇ ನಮ್ಮ ಮನೆಗಳು ಸೋಲುವುದು. ಎಂಟು ದಿನ ಹಚ್ಚಿ, ಹೋಗಲಿಲ್ಲವೆಂದು ಸೀಸೆಯನ್ನು ಕಪಾಟಿಗೆ ಸೇರಿಸಿ, ಇನ್ನೊಂದು ಔಷಧ ಹುಡುಕುತ್ತೇವೆ. ಗೋಡೆಯ ಕ್ಯಾಲೆಂಡರಿನಲ್ಲಿ ಮಗುವಿನ ಕೈಯಿಂದಲೇ ದಿನಕ್ಕೊಂದು ಗುರುತು ಹಾಕಿಸಿದರೆ ನಿಯಮ ತಪ್ಪುವುದಿಲ್ಲ, ಮಗುವಿಗೂ ಇದು ತನ್ನ ಕೆಲಸವೆಂದು ಅನಿಸುತ್ತದೆ.

ವೈದ್ಯರ ಬಳಿ ಇರುವ ಇನ್ನೊಂದು ದಾರಿ ಹೆಪ್ಪುಗಟ್ಟಿಸುವುದು. ಸೊನ್ನೆಗಿಂತ 196 ಡಿಗ್ರಿ ಸೆಂಟಿಗ್ರೇಡ್ ಕೆಳಗಿರುವ ದ್ರವ ನೈಟ್ರೋಜನ್ನನ್ನು ಕೆಲವು ಸೆಕೆಂಡು ತಾಗಿಸುತ್ತಾರೆ. ಎರಡು ಮೂರು ವಾರಕ್ಕೊಮ್ಮೆ ಹಲವು ಸಲ ಹೋಗಬೇಕು. ನೋಯುತ್ತದೆ, ಬೊಕ್ಕೆ ಏಳಬಹುದು, ನಮ್ಮಂತಹ ಕಂದು ಮೈಬಣ್ಣದವರಲ್ಲಿ ಆ ಜಾಗ ಕೆಲವು ಕಾಲ ಬಿಳಿಚಬಹುದು ಇಲ್ಲವೇ ಕಪ್ಪಾಗಬಹುದು. ಇದರ ಫಲವೆಷ್ಟು ಎಂಬುದಕ್ಕೆ 2010ರಲ್ಲಿ ಪ್ರಕಟವಾದ ಹಾಲೆಂಡಿನ ಒಂದು ಪರೀಕ್ಷೆ ಲೆಕ್ಕ ಕೊಡುತ್ತದೆ. ಹದಿಮೂರು ವಾರದ ಕೊನೆಗೆ ಸಾಮಾನ್ಯ ನರೂಲಿ ಪೂರ್ತಿ ಹೋದವರು, ಹೆಪ್ಪುಗಟ್ಟಿಸಿದವರಲ್ಲಿ ನೂರಕ್ಕೆ 49, ಸಾಲಿಸಿಲಿಕ್ ಆಮ್ಲದವರಲ್ಲಿ 15, ಸುಮ್ಮನೆ ಕಾದವರಲ್ಲಿ 8. ಅಂಗಾಲಿನ ನರೂಲಿಯಲ್ಲಿ ಮಾತ್ರ ಮೂರಕ್ಕೂ ಹೇಳಿಕೊಳ್ಳುವಂತಹ ಅಂತರ ಕಾಣಲಿಲ್ಲ. 2011ರಲ್ಲಿ ಬ್ರಿಟನ್ನಿನಲ್ಲಿ ಹನ್ನೆರಡು ವರ್ಷ ಮೇಲ್ಪಟ್ಟ 240 ಜನರ ಅಂಗಾಲಿನ ನರೂಲಿಯನ್ನು ಪರೀಕ್ಷಿಸಿದಾಗಲೂ ಹೆಪ್ಪುಗಟ್ಟಿಸಿದವರಲ್ಲಿ, ಆಮ್ಲ ಹಚ್ಚಿದವರಲ್ಲಿ, ಎರಡರಲ್ಲೂ ನೂರಕ್ಕೆ ಸುಮಾರು 14 ಮಂದಿಗೇ ಹನ್ನೆರಡು ವಾರದಲ್ಲಿ ಗುಣವಾಗಿತ್ತು.

ಈ ಅಂಕಿಗಳಿಂದ ತಿಳಿಯುವುದೇನು? ಕೈಯ ನರೂಲಿಗೆ ಹೆಪ್ಪುಗಟ್ಟಿಸುವುದು ಬೇಗ ಫಲ ಕೊಡುತ್ತದೆ; ನೋವು ತಾಳಬಲ್ಲ ದೊಡ್ಡ ಮಗುವಾದರೆ ಅದನ್ನು ವಿಚಾರಿಸಬಹುದು. ಚಿಕ್ಕ ಮಗುವನ್ನು ನಾಲ್ವರು ಹಿಡಿದುಕೊಂಡು ಮಾಡಿಸುವ ಚಿಕಿತ್ಸೆ ಅದಲ್ಲ. ಅಂಗಾಲಿಗೆ ಖರ್ಚು ಕಡಿಮೆಯಿರುವ ಸೀಸೆಯೇ ಮೊದಲು ಸಾಕು. ಮತ್ತು ಮೂರು ತಿಂಗಳಲ್ಲಿ ಖಂಡಿತ ಹೋಗುತ್ತದೆಂದು ಯಾರು ಭಾಷೆ ಕೊಟ್ಟರೂ, “ಒಂದೇ ಸಲಕ್ಕೆ ಗ್ಯಾರಂಟಿ” ಎಂದು ಯಾರು ಬೋರ್ಡು ಹಾಕಿದರೂ ನಂಬಬೇಡಿ.

ವಿದ್ಯುತ್ತಿನಿಂದ ಸುಡುವುದು, ಕೆರೆದು ತೆಗೆಯುವುದು, ನರೂಲಿಯೊಳಗೆ ಚುಚ್ಚುಮದ್ದು ಕೊಡುವುದು ಇವೂ ಉಂಟು. ಹಟಮಾರಿ ನರೂಲಿಗಾಗಿ ಚರ್ಮರೋಗ ತಜ್ಞರು ಆರಿಸಬೇಕಾದ ದಾರಿಗಳು ಇವು. ಬ್ಯೂಟಿ ಪಾರ್ಲರಿನಲ್ಲಿಯೂ, ರಸ್ತೆ ಬದಿಯ ಡೇರೆಯಲ್ಲಿಯೂ ಮಾಡಿಸತಕ್ಕವಲ್ಲ. ಗಟ್ಟಿ ಅಂಟುಪಟ್ಟಿ ಸುತ್ತಿದರೆ ಹೋಗುತ್ತದೆಂದು 2002ರ ಒಂದು ಪರೀಕ್ಷೆ ಆಸೆ ಹುಟ್ಟಿಸಿತ್ತು. ಮುಂದಿನ ಪರೀಕ್ಷೆಗಳು ಅದನ್ನು ಎತ್ತಿಹಿಡಿಯಲಿಲ್ಲ. ಹೋಮಿಯೋಪತಿ ಗುಳಿಗೆಗಳ ಬಗ್ಗೆ ಅನೇಕರು ಕೇಳುತ್ತಾರೆ. 1996ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಕೈಮೇಲೆ ನರೂಲಿಯಿದ್ದ ಅರುವತ್ತು ಮಕ್ಕಳಲ್ಲಿ ಕೆಲವರಿಗೆ ಆ ಗುಳಿಗೆ, ಕೆಲವರಿಗೆ ಔಷಧವಿಲ್ಲದ ಬರಿಯ ಗುಳಿಗೆ ಕೊಟ್ಟು ನೋಡಿದಾಗ ಅಂತರವೇನೂ ಕಾಣಲಿಲ್ಲ.

ವೈದ್ಯರಿಗೆ ತೋರಿಸಲೇಬೇಕಾದಾಗ

ಮುಖದ ಮೇಲೆ ಎದ್ದರೆ, ತಾನಾಗಿ ರಕ್ತ ಸುರಿದರೆ, ಬಣ್ಣ ಬದಲಾಗಿ ಬೇಗ ಬೆಳೆದರೆ, ಸುತ್ತ ಕೆಂಪಾಗಿ ಕೀವು ಕಟ್ಟಿದರೆ, ಕುಂಟುವಷ್ಟು ನೋವಿದ್ದರೆ, ಬೇರೆ ಕಾಯಿಲೆಯಿಂದ ಅಥವಾ ಅದರ ಔಷಧದಿಂದ ಮಗುವಿನ ರೋಗನಿರೋಧಕ ಶಕ್ತಿ ಕುಗ್ಗಿದ್ದು ನರೂಲಿ ಮೈತುಂಬ ಹಬ್ಬಿದರೆ ತಡಮಾಡಬೇಡಿ. ಗುಪ್ತಾಂಗದ ಬಳಿ ಕಂಡರೆ ಸಂಕೋಚಪಟ್ಟು ಮುಚ್ಚಿಡಬೇಡಿ, ಮಗುವನ್ನು ಗದರಿಸಲೂ ಬೇಡಿ. ಅದು ಮಗುವಿನ ಸ್ವಂತ ಕೈಯಿಂದಲೇ ಬಂದಿರಬಹುದು; ಬೇರೆ ಕಾರಣವೂ ಇರಬಹುದು. ಅದನ್ನು ಮಕ್ಕಳ ವೈದ್ಯರೇ ನಿಧಾನವಾಗಿ ವಿಚಾರಿಸಿ ತಿಳಿಯಬೇಕು. ಮನೆಯ ಅಜ್ಜಿ ತಾತಂದಿರ ಮೈಮೇಲೆ ಹೊಸದಾಗಿ ಗಂಟು ಎದ್ದರೆ ಅದನ್ನೂ ನರೂಲಿಯೆಂದು ತಳ್ಳಿಹಾಕದೆ ತೋರಿಸಿ.

ಕೇಂದ್ರ ಸರ್ಕಾರದ ನೌಕರರು ತಮ್ಮ ಸಿ.ಜಿ.ಎಚ್.ಎಸ್. ಕೇಂದ್ರದ ವೈದ್ಯರಿಗೆ ತೋರಿಸಿ ಚರ್ಮರೋಗ ವಿಭಾಗಕ್ಕೆ ಬರೆಸಿಕೊಳ್ಳಬಹುದು. ಉಳಿದವರಿಗೆ ದೊಡ್ಡ ಸರ್ಕಾರಿ ಆಸ್ಪತ್ರೆಗಳ ಹೊರರೋಗಿ ವಿಭಾಗವಿದೆ. ಸಾಲು ಉದ್ದ, ಅರ್ಧ ದಿನದ ರಜೆ ಹಾಕಿಯೇ ಹೋಗಿ.

ಮನೆಯಲ್ಲಿ, ಶಾಲೆಯಲ್ಲಿ

ನರೂಲಿಯಿರುವ ಮಗುವಿಗೆ ಬೇರೆ ಟವಲು, ಬೇರೆ ಉಗುರುಕತ್ತರಿ ಕೊಡಿ. ಅಂಗಾಲಿನಲ್ಲಿದ್ದರೆ ಕಾಲುಚೀಲ, ಚಪ್ಪಲಿಗಳನ್ನು ಇತರರು ಹಾಕಿಕೊಳ್ಳದಿರಲಿ. ಬಚ್ಚಲಿನಲ್ಲಿಯೂ ಈಜುಕೊಳದ ಅಂಚಿನಲ್ಲಿಯೂ ರಬ್ಬರ್ ಚಪ್ಪಲಿ ಇರಲಿ. ಈಜುವಾಗ ಅಂಟುಪಟ್ಟಿ ಹಚ್ಚಿದರೆ ಸಾಕು. ಚಳಿಗಾಲದಲ್ಲಿ ಮಲಗುವಾಗ ಕೈಕಾಲಿಗೆ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿ ಚರ್ಮ ಒಡೆಯದಂತೆ ನೋಡಿಕೊಳ್ಳಿ. ಉಗುರು ಕಚ್ಚುವುದನ್ನು ಬಿಡಿಸಿ. ನರೂಲಿಯನ್ನು ಕೆರೆಯದಂತೆ, ಕೀಳದಂತೆ ಮೃದುವಾಗಿ ಹೇಳಿ.

ಇಷ್ಟು ಎಚ್ಚರಿಕೆ ಸಾಕು. ಶಾಲೆ ಬಿಡಿಸಬೇಕಾಗಿಲ್ಲ, ಆಟ ಬಿಡಿಸಬೇಕಾಗಿಲ್ಲ, ಬೇರೆ ತಟ್ಟೆ ಲೋಟ ಇಡಬೇಕಾಗಿಲ್ಲ. ಕೈಕೈ ಹಿಡಿದ ಮಾತ್ರಕ್ಕೆ, ಚರ್ಮ ಒಡೆಯದಿದ್ದರೆ, ಅಂಟುವ ಸಂಭವ ಕಡಿಮೆ. ಬೇಕಾದರೆ ಆಟದ ಹೊತ್ತಿಗೆ ಒಂದು ಪಟ್ಟಿ ಅಂಟಿಸಿದರಾಯಿತು.

ಆ ಹುಡುಗಿಯ ಮನೆಯಲ್ಲಿ ಸುಣ್ಣದ ಯೋಚನೆಯನ್ನು ಕೈಬಿಟ್ಟರು. ಸೀಸೆ ಬಂದಿತು, ಕ್ಯಾಲೆಂಡರ್ ಬಂದಿತು. ಹತ್ತು ವಾರದಲ್ಲಿ ಐದರಲ್ಲಿ ಎರಡು ಹೋಗಿವೆ. ಮೂರು ಇನ್ನೂ ಇವೆ. ತಾಯಿ ಶಾಲೆಗೆ ಹೋಗಿ ಉಪಾಧ್ಯಾಯಿನಿಯವರೊಡನೆ ಹತ್ತು ನಿಮಿಷ ಮಾತನಾಡಿ ಬಂದರು. “ಇದು ಏನು, ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ” ಎಂದು ಅವರು ತರಗತಿಗೆಲ್ಲ ಪಾಠದಂತೆ ಹೇಳಿದರಂತೆ. ಆಗ ಇನ್ನೂ ಇಬ್ಬರು ಹುಡುಗರು ತಮ್ಮ ಮಂಡಿ ತೋರಿಸಿ, “ನನಗೂ ಇದೆ ಮಿಸ್” ಎಂದರಂತೆ. ಈಗ ಅವಳು ಕೈ ಎತ್ತುತ್ತಾಳೆ ಎಂದು ತಾಯಿ ಹೇಳಿದರು. ಆ ಹತ್ತು ನಿಮಿಷ ಸೀಸೆಯ ಔಷಧಕ್ಕಿಂತ ಬೇಗ ಕೆಲಸ ಮಾಡಿತೆಂದು ನನ್ನ ಎಣಿಕೆ.

ಸಂಘದ ಮಕ್ಕಳ ಕಾರ್ಯಕ್ರಮ ನಡೆಸುವ ಸೋದರ ಸೋದರಿಯರಲ್ಲಿ ಒಂದು ಬಿನ್ನಹ. ಕೋಲಾಟದಲ್ಲಾಗಲಿ, ನಾಟಕದಲ್ಲಾಗಲಿ ಇಂತಹ ಮಗುವನ್ನು ಸಾಲಿನ ಕೊನೆಗೆ ತಳ್ಳಬೇಡಿ. ಬೇರೆ ಮಕ್ಕಳು ಹಿಂಜರಿದರೆ ಹಿರಿಯರಾದ ನೀವು ಮೊದಲು ಆ ಕೈ ಹಿಡಿಯಿರಿ. ಮಿಕ್ಕವರು ನೋಡಿ ಕಲಿಯುತ್ತಾರೆ.

ಬೇಸಗೆಗೆ ಊರಿಗೆ ಹೊರಟವರು ಸೀಸೆಯನ್ನು ಮರೆಯದೆ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲುವಂತೆ ಇಟ್ಟುಕೊಳ್ಳಿ, ಮುಚ್ಚಳ ಬಿಗಿಯಾಗಿರಲಿ. ಅಜ್ಜಿಯವರು ಸುಣ್ಣದ ಡಬ್ಬಿ ತೆಗೆದರೆ ಈ ಪತ್ರಿಕೆಯನ್ನು ಓದಿ ಹೇಳಿ. ಮುಂದಿನ ಸಂಚಿಕೆಯಲ್ಲಿ, ಹಲವರು ಕೇಳಿರುವಂತೆ, ಮಕ್ಕಳ ಹಾಲುಹಲ್ಲಿನ ಹುಳುಕಿನ ಬಗ್ಗೆ ಬರೆಯುತ್ತೇನೆ. ಪ್ರಶ್ನೆಗಳಿದ್ದವರು ತಿಂಗಳ ಕೂಟದಲ್ಲಿ ನನ್ನ ಕೈಗೆ ಬರೆದು ಕೊಟ್ಟರೆ ಉಪಕಾರ.